ಒಂದು ಎಲ್‌ಪಿ, ಎರಡು ತಂಡ: ನೇಪಾಮ್ ಡೆತ್‌ನ ‘ಸ್ಕಮ್’ ರೂಪುಗೊಂಡ ಬಗೆ

ಇಂಗ್ಲೆಂಡಿನ ಇಯರೇಕ್ ಎಂಬ ಪುಟ್ಟ ಸಂಸ್ಥೆ 1987ರ ಜುಲೈನಲ್ಲಿ ಹೊರತಂದ ‘ಸ್ಕಮ್’ ನೇಪಾಮ್ ಡೆತ್ ತಂಡದ ಮೊದಲ ಆಲ್ಬಮ್. ಪಂಕ್ ಮತ್ತು ಮೆಟಲ್ ಬೆರೆತ, ಅತಿವೇಗದ ಗ್ರೈಂಡ್‌ಕೋರ್ ಎಂಬ ಸಂಗೀತ ಪ್ರಕಾರದ ಚರಿತ್ರೆಯನ್ನು ಯಾರೇ ಬರೆಯಲಿ, ಈ ಆಲ್ಬಮ್ಮನ್ನು ಬಿಟ್ಟು ಬರೆಯಲಾಗದು. ಸುಮಾರು 33 ನಿಮಿಷಗಳಲ್ಲಿ 28 ಹಾಡುಗಳಿರುವ ಈ ಎಲ್‌ಪಿಯ, ಎಂದರೆ ದೀರ್ಘ ಅವಧಿಯ ಧ್ವನಿತಟ್ಟೆಯ, ಎರಡು ಮಗ್ಗುಲುಗಳನ್ನು ನುಡಿಸಿದವರು ಬೇರೆ ಬೇರೆ ಜನ. ಎರಡರಲ್ಲೂ ಇರುವವರು ಡ್ರಮ್ ವಾದಕ ಮಿಕ್ ಹ್ಯಾರಿಸ್ ಒಬ್ಬರೇ. ಈ ಸಂಗತಿಯನ್ನು ಒಂದು ಕುತೂಹಲದ ವಿವರವಾಗಿ ಹೇಳಿ ಮುಂದೆ ಸಾಗುವುದು ವಾಡಿಕೆ. ಆದರೆ ಆಲ್ಬಮ್ಮಿನ ನಿಜವಾದ ಬೆಲೆ ಇರುವುದೇ ಇಲ್ಲಿ ಎಂಬುದು ನನ್ನ ಅಭಿಪ್ರಾಯ. ಪಂಕ್ ಎಂಬ ಒರಟು, ಬಂಡಾಯದ ರಾಕ್ ಸಂಗೀತದ ಒಂದು ಕವಲು, ಭಾರವಾದ ಗಿಟಾರ್ ನಾದದ ತೀವ್ರ ಮೆಟಲ್‌ನತ್ತ ಹೊರಳಿದ್ದನ್ನು, ಒಂಬತ್ತು ತಿಂಗಳ ಅಂತರದಲ್ಲಿ ನಡೆದ ಎರಡು ಧ್ವನಿಮುದ್ರಣಗಳ ಮೂಲಕ ನಮ್ಮ ಕಿವಿಗೇ ತೋರಿಸಿಕೊಡುವ ದಾಖಲೆ ಇದು.

ತಂಡ ಹುಟ್ಟಿದ್ದು 1981ರಲ್ಲಿ, ಕವೆಂಟ್ರಿ ನಗರದ ಸಮೀಪದ ಮೆರಿಡೆನ್ ಎಂಬ ಹಳ್ಳಿಯಲ್ಲಿ. ಅದನ್ನು ಕಟ್ಟಿದ ನಿಕ್ ಬುಲ್ಲೆನ್ ಮತ್ತು ಮೈಲ್ಸ್ ರಾಟ್‌ಲೆಜ್ ಇಬ್ಬರೂ ಆಗಿನ್ನೂ ಶಾಲಾ ಬಾಲಕರು. ಅವರನ್ನು ಸೆಳೆದದ್ದು ಮೆಟಲ್ ಅಲ್ಲ, ಕ್ರಾಸ್ ಮೊದಲಾದ ತಂಡಗಳ ಅರಾಜಕತಾವಾದಿ ಪಂಕ್. 1984ರಲ್ಲಿ ಕ್ರಾಸ್ ತಂಡದ ಸಂಸ್ಥೆಯೇ ಹೊರತಂದ ಸಂಕಲನವೊಂದರಲ್ಲಿ ಇವರ ಹಾಡೊಂದು ಸೇರಿತ್ತು. ಯುದ್ಧ, ಅಧಿಕಾರ, ಬಹುರಾಷ್ಟ್ರೀಯ ಕಂಪನಿಗಳು, ಗ್ರಾಹಕ ಸಂಸ್ಕೃತಿ ಇವುಗಳ ಮೇಲಿನ ಸಿಟ್ಟು ತಂಡಕ್ಕೆ ಬಂದದ್ದು ಈ ಮೂಲದಿಂದ. ಮುಂದೆ ಸಂಗೀತ ಎಷ್ಟೇ ಬದಲಾದರೂ ಈ ನಿಲುವು ಮಾತ್ರ ಬದಲಾಗಲಿಲ್ಲ. ‘ಸ್ಕಮ್’ನ ಮೊದಲ ಹಾಡಿನ ವಸ್ತು ಬಹುರಾಷ್ಟ್ರೀಯ ಕಂಪನಿಗಳೇ ಆಗಿರುವುದು ಆಕಸ್ಮಿಕವಲ್ಲ.

1985ರ ಹೊತ್ತಿಗೆ ಗಿಟಾರ್ ವಾದಕ ಜಸ್ಟಿನ್ ಬ್ರಾಡ್ರಿಕ್, ಅವರ ಬೆನ್ನಿಗೇ ಹ್ಯಾರಿಸ್ ತಂಡವನ್ನು ಸೇರಿದರು. ಬರ್ಮಿಂಗ್‌ಹ್ಯಾಮಿನ ಸ್ಪಾರ್ಕ್‌ಹಿಲ್ ಬಡಾವಣೆಯಲ್ಲಿದ್ದ ‘ದಿ ಮರ್ಮೇಡ್’ ಎಂಬ ಪಬ್ ಅವರ ನೆಲೆಯಾಯಿತು. ಆ ಕಾಲದಲ್ಲಿ ಹೊಸ ಸಂಗೀತ ಊರಿಂದೂರಿಗೆ ಸಾಗುತ್ತಿದ್ದುದು ಅಂಚೆಯಲ್ಲಿ ಕೈ ಬದಲಾಗುತ್ತಿದ್ದ ಕ್ಯಾಸೆಟ್‌ಗಳ ಮೂಲಕ. ಅಮೆರಿಕದ ಮ್ಯಾಸಚೂಸೆಟ್ಸ್‌ನ ಸೀಜ್, ಮಿಷಿಗನ್‌ನ ರಿಪಲ್ಷನ್, ಸ್ವಿಟ್ಜರ್‌ಲೆಂಡಿನ ಸೆಲ್ಟಿಕ್ ಫ್ರಾಸ್ಟ್ ತಂಡಗಳು ಈ ಹುಡುಗರ ಕಿವಿಗೆ ಬಿದ್ದವು. ಮೊದಲಿನ ಎರಡರಿಂದ ವೇಗವೂ ಕೊನೆಯದರಿಂದ ಭಾರವೂ ಬಂದವು. ಅವೆರಡನ್ನೂ ಪಂಕ್‌ನ ಸಿಟ್ಟಿಗೆ ಕಸಿ ಮಾಡಿದ್ದು ಬರ್ಮಿಂಗ್‌ಹ್ಯಾಮಿನಲ್ಲಿ.

ಆ ವೇಗದ ಒಳಗುಟ್ಟು ‘ಬ್ಲಾಸ್ಟ್ ಬೀಟ್’ ಎಂಬ ವಾದನ ಕ್ರಮದಲ್ಲಿದೆ. ಸಾಮಾನ್ಯ ರಾಕ್ ಲಯದಲ್ಲಿ ಸ್ನೇರ್ ಡ್ರಮ್ಮಿನ ಪೆಟ್ಟು ನಿಗದಿತ ಮಾತ್ರೆಗಳ ಮೇಲೆ ಮಾತ್ರ ಬಿದ್ದು, ಕೇಳುಗನ ತಲೆ ಅದಕ್ಕೆ ತಕ್ಕಂತೆ ತೂಗುತ್ತದೆ. ಬ್ಲಾಸ್ಟ್ ಬೀಟ್‌ನಲ್ಲಿ ಕಾಲಿನ ಬಾಸ್ ಡ್ರಮ್ಮೂ ಕೈಯ ಸ್ನೇರೂ ಒಂದರ ಹಿಂದೊಂದು, ಬಿಡುವಿಲ್ಲದೆ, ಒಂದೇ ತೂಕದಲ್ಲಿ ಬೀಳುತ್ತಾ ಹೋಗುತ್ತವೆ. ಪೆಟ್ಟುಗಳು ಎಷ್ಟು ಒತ್ತೊತ್ತಾಗುತ್ತವೆಂದರೆ ಕಿವಿ ಅವನ್ನು ಎಣಿಸುವುದನ್ನು ಬಿಟ್ಟು ಒಂದೇ ಅಖಂಡ ಮೊರೆತವಾಗಿ ಗ್ರಹಿಸತೊಡಗುತ್ತದೆ. ಈ ಕ್ರಮವನ್ನು ಹ್ಯಾರಿಸ್‌ಗಿಂತ ಮೊದಲೇ ಕೆಲವರು ನುಡಿಸಿದ್ದರು. ಆದರೆ ಅದನ್ನು ಹಾಡಿನ ನಡುವಿನ ಒಂದು ಅಬ್ಬರವಾಗಿ ಬಳಸದೆ ಹಾಡಿನ ಅಡಿಪಾಯವನ್ನಾಗಿಯೇ ಮಾಡಿಕೊಂಡದ್ದು ಹ್ಯಾರಿಸ್ ಅವರ ಸಾಧನೆ. ಬ್ಲಾಸ್ಟ್ ಬೀಟ್, ಗ್ರೈಂಡ್‌ಕೋರ್ ಎಂಬ ಹೆಸರುಗಳು ಬಳಕೆಗೆ ಬಂದದ್ದೂ ಅವರಿಂದಲೇ ಎಂಬ ಮಾತು ಪ್ರಚಲಿತವಾಗಿದೆ.

1986ರ ಆಗಸ್ಟ್‌ನಲ್ಲಿ ಬುಲ್ಲೆನ್, ಬ್ರಾಡ್ರಿಕ್ ಮತ್ತು ಹ್ಯಾರಿಸ್ ಬರ್ಮಿಂಗ್‌ಹ್ಯಾಮಿನ ರಿಚ್ ಬಿಚ್ ಸ್ಟುಡಿಯೋದಲ್ಲಿ 12 ಹಾಡುಗಳನ್ನು ಮುದ್ರಿಸಿದರು. ಮುಂದೆ ಆಲ್ಬಮ್ಮಿನ ಮೊದಲ ಮಗ್ಗುಲಾದದ್ದು ಈ ಹಾಡುಗಳೇ. ಇಲ್ಲಿ ವೇಗದ ಜೊತೆಗೆ ನಿಧಾನಕ್ಕೂ ಸ್ಥಾನವಿದೆ. ‘ಸೀಜ್ ಆಫ್ ಪವರ್’ ಸುಮಾರು ನಾಲ್ಕು ನಿಮಿಷ ಸಾಗಿದರೆ, ‘ದಿ ಕಿಲ್’ ಅರ್ಧ ನಿಮಿಷವೂ ನಿಲ್ಲುವುದಿಲ್ಲ. ಮಗ್ಗುಲಿನ ಕೊನೆಗೆ ಬರುವ ‘ಯೂ ಸಫರ್’ ಗಿನ್ನೆಸ್ ದಾಖಲೆಯ ಪುಸ್ತಕ ಸೇರಿದ ಹಾಡು. ಅದರ ಅವಧಿ 1.316 ಸೆಕೆಂಡು. ಅದನ್ನು ಬರಿಯ ಕೀಟಲೆಯೆಂದು ತಳ್ಳಿಹಾಕುವವರಿದ್ದಾರೆ. ಆದರೆ ಅದರಲ್ಲಿ ಸಾಹಿತ್ಯವಿದೆ, ನಾಲ್ಕು ಪದಗಳ ಒಂದು ನೇರ ಪ್ರಶ್ನೆಯಿದೆ. ಹಾಡೆಂಬುದು ಎಷ್ಟರ ಮಟ್ಟಿಗೆ ಕುಗ್ಗಿಯೂ ಹಾಡಾಗಿ ಉಳಿಯಬಲ್ಲದು ಎಂಬುದನ್ನು ಇಷ್ಟು ಖಚಿತವಾಗಿ ಪರೀಕ್ಷಿಸಿದ ಇನ್ನೊಂದು ಪ್ರಯತ್ನ ನನಗೆ ಗೊತ್ತಿಲ್ಲ.

ಧ್ವನಿಮುದ್ರಣ ಮುಗಿದ ಕೆಲವೇ ತಿಂಗಳಲ್ಲಿ ತಂಡ ಚದುರಿತು. ಬ್ರಾಡ್ರಿಕ್ ಹೆಡ್ ಆಫ್ ಡೇವಿಡ್ ಎಂಬ ತಂಡಕ್ಕೆ ಡ್ರಮ್ ವಾದಕರಾಗಿ ಹೋದರು, ಬುಲ್ಲೆನ್ ಕೂಡ ಹೊರನಡೆದರು. ಮುದ್ರಿಸಿದ ಟೇಪು ಮಾತ್ರ ಉಳಿದುಕೊಂಡು ಕೊನೆಗೆ ನಾಟಿಂಗ್‌ಹ್ಯಾಮಿನಲ್ಲಿ ಇಯರೇಕ್ ನಡೆಸುತ್ತಿದ್ದ ಡಿಗ್ಬಿ ಪಿಯರ್ಸನ್ ಅವರ ಕೈ ಸೇರಿತು. ಅಷ್ಟರಿಂದ ಪೂರ್ಣ ಎಲ್‌ಪಿ ಆಗುತ್ತಿರಲಿಲ್ಲ. ಹ್ಯಾರಿಸ್ ಹೊಸಬರನ್ನು ಕೂಡಿಸಿಕೊಂಡರು: ಗಾಯಕರಾಗಿ ಲೀ ಡೋರಿಯನ್, ಗಿಟಾರಿಗೆ ಬಿಲ್ ಸ್ಟೀರ್, ಬಾಸ್ ಗಿಟಾರಿಗೆ ಜಿಮ್ ವೈಟ್‌ಲಿ. 1987ರ ಮೇ ತಿಂಗಳಲ್ಲಿ ಅದೇ ಸ್ಟುಡಿಯೋದಲ್ಲಿ ಇನ್ನೂ 16 ಹಾಡುಗಳು ಮುದ್ರಣಗೊಂಡವು.

ಮಗ್ಗುಲು ಬದಲಿಸಿದ ಕೂಡಲೇ ವ್ಯತ್ಯಾಸ ತಿಳಿಯುತ್ತದೆ. ಮೊದಲ ಮಗ್ಗುಲಿನಲ್ಲಿ ಬುಲ್ಲೆನ್ ಅವರದು ಗದರುವ ದನಿ, ಅಲ್ಲಲ್ಲಿ ಮಾತುಗಳು ಹಿಡಿಗೆ ಸಿಗುತ್ತವೆ. ಎರಡನೆಯದರಲ್ಲಿ ಡೋರಿಯನ್ ಅವರ ಕಂಠ ಗಂಟಲಾಳದ ಗುಡುಗಿಗೂ ಚೀರಾಟಕ್ಕೂ ನಡುವೆ ಹೊಯ್ದಾಡುತ್ತ ತಾನೇ ಒಂದು ವಾದ್ಯವಾಗುತ್ತದೆ. ಗಿಟಾರಿನ ಶ್ರುತಿ ಇನ್ನಷ್ಟು ಕೆಳಗಿಳಿದಂತೆ, ನಾದ ಕೆಸರುಗಟ್ಟಿದಂತೆ ಕೇಳಿಸುತ್ತದೆ. ಮುಂದಿನ ಗ್ರೈಂಡ್‌ಕೋರ್ ತಂಡಗಳು ಹಿಡಿದದ್ದು ಹೆಚ್ಚಾಗಿ ಈ ಎರಡನೆಯ ಮಗ್ಗುಲಿನ ದಾರಿಯನ್ನೇ. ಆದರೂ ಹಾಡುಗಳ ಕಟ್ಟಡ ಗಟ್ಟಿಯಾಗಿರುವುದು ಮೊದಲನೆಯದರಲ್ಲಿ ಎಂದೇ ನನಗನ್ನಿಸುತ್ತದೆ.

ಸ್ಟೀರ್ ಆಗಲೇ ಕಾರ್ಕಸ್ ತಂಡದಲ್ಲೂ ಇದ್ದರು. ‘ಸ್ಕಮ್’ನ ಮುಖಪುಟದ ಚಿತ್ರ ಬರೆದದ್ದು ಅದೇ ತಂಡದ ಜೆಫ್ ವಾಕರ್. ಬಿಬಿಸಿ ರೇಡಿಯೋ 1ರ ನಿರೂಪಕ ಜಾನ್ ಪೀಲ್ ಈ ಸಂಗೀತವನ್ನು ಮನಸಾರೆ ಮೆಚ್ಚಿ ತಮ್ಮ ಕಾರ್ಯಕ್ರಮದಲ್ಲಿ ಪ್ರಸಾರ ಮಾಡಿದರು, 1987ರ ಸೆಪ್ಟೆಂಬರ್‌ನಲ್ಲಿ ತಂಡವನ್ನು ಬಿಬಿಸಿ ಸ್ಟುಡಿಯೋಗೂ ಕರೆಸಿಕೊಂಡರು. ಆ ಹೊತ್ತಿಗೆ ವೈಟ್‌ಲಿ ಜಾಗಕ್ಕೆ ಶೇನ್ ಎಂಬರಿ ಬಂದಾಗಿತ್ತು. 1988ರ ಎರಡನೆಯ ಆಲ್ಬಮ್ ಬ್ರಿಟನ್ನಿನ ಸ್ವತಂತ್ರ ಸಂಸ್ಥೆಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. 1989ರಲ್ಲಿ ಡೋರಿಯನ್ ಮತ್ತು ಸ್ಟೀರ್, 1991ರಲ್ಲಿ ಹ್ಯಾರಿಸ್ ತಂಡ ಬಿಟ್ಟ ಮೇಲೆ ‘ಸ್ಕಮ್’ ನುಡಿಸಿದವರಲ್ಲಿ ಒಬ್ಬರೂ ನೇಪಾಮ್ ಡೆತ್‌ನಲ್ಲಿ ಉಳಿಯಲಿಲ್ಲ.

ಹಾಗೆ ಹೋದವರು ಹಿಡಿದ ದಾರಿಯೂ ಗಮನಿಸತಕ್ಕದ್ದು. ಬ್ರಾಡ್ರಿಕ್ ಕಟ್ಟಿದ ಗಾಡ್‌ಫ್ಲೆಶ್ ಯಂತ್ರದ ಡ್ರಮ್ಮಿನ ಮೇಲೆ ಭಾರವಾಗಿ ಹೆಜ್ಜೆಯಿಡುವ ಸಂಗೀತ. ಡೋರಿಯನ್ ಅವರ ಕೆಥೀಡ್ರಲ್ ಮೊದಮೊದಲು ತೆವಳುವಷ್ಟು ನಿಧಾನದ ಡೂಮ್ ಮೆಟಲ್. ಹ್ಯಾರಿಸ್ ಮತ್ತು ಬುಲ್ಲೆನ್ ಮತ್ತೆ ಜೊತೆಗೂಡಿ ಕಟ್ಟಿದ ಸ್ಕಾರ್ನ್ ಬರಬರುತ್ತ, ಆಳವಾದ ಬಾಸ್ ನಾದಕ್ಕೂ ಪ್ರತಿಧ್ವನಿಗೂ ಒತ್ತು ಕೊಡುವ ಡಬ್ ಸಂಗೀತದತ್ತ ವಾಲಿತು. ಕೇಳುಗರ ಮನಸ್ಸಿನಲ್ಲಿ ‘ಸ್ಕಮ್’ ಎಂದರೆ ವೇಗ ಎಂದಾಗಿದ್ದರೂ, ಅದನ್ನು ನುಡಿಸಿದವರಲ್ಲಿ ಹೆಚ್ಚಿನವರು ಅಲ್ಲಿಂದ ಕೊಂಡೊಯ್ದದ್ದು ಅದರ ಭಾರವನ್ನು.