ಹೊಸ ದೋಣಿಗೆ ಪರವಾನಗಿ ಕೊಡುವ ಮುನ್ನ ಮೀನಿನ ವಯಸ್ಸು ಗೊತ್ತಿರಬೇಕು

ಕೊಡಗಿಗೆ ಕಡಲಿಲ್ಲ. ಆದರೂ ಕಡಲಿನಲ್ಲಿ ಯಾರು ಎಷ್ಟು ಹಿಡಿಯುತ್ತಾರೆ ಅನ್ನುವುದು ನಮ್ಮ ಊಟದ ತಟ್ಟೆಗೆ ನೇರವಾಗಿ ತಾಗುವ ವಿಷಯ. ಕಣ್ಣೂರು ಕಡೆಯ ಮತ್ತಿ ಮಾಕುಟ್ಟ ಹತ್ತಿ ವಿರಾಜಪೇಟೆಗೆ ಬರುತ್ತದೆ, ಮಂಗಳೂರಿನ ಬಂಗುಡೆ ಸಂಪಾಜೆ ದಾಟಿ ಮಡಿಕೇರಿಗೆ. ಕೇರಳದ ಬಂದರುಗಳಿಗೆ 2012ರಲ್ಲಿ ಸುಮಾರು 4 ಲಕ್ಷ ಟನ್ ಮತ್ತಿ ಬಂದಿತ್ತು. 2021ರಲ್ಲಿ ಬಂದದ್ದು ಬರೀ 3,297 ಟನ್. ನೀರಿನ ಬಿಸಿ, ಆಹಾರದ ಏರುಪೇರು ಎಲ್ಲವೂ ಇದರಲ್ಲಿ ಸೇರಿವೆ, ಹಾಗಾಗಿ ದೋಷವನ್ನೆಲ್ಲ ಬಲೆಯ ಮೇಲೆ ಹೊರಿಸುವಂತಿಲ್ಲ. ಆದರೆ ಮತ್ತಿ ಕಡಿಮೆಯಾದ ವರ್ಷಗಳಲ್ಲೂ ಮರಿಗಳನ್ನು ಬಾಚುವ ಬಲೆಗಳು ನಿಂತಿರಲಿಲ್ಲ. ಹತ್ತು ಸೆಂಟಿಮೀಟರಿಗಿಂತ ಚಿಕ್ಕ ಮತ್ತಿಯನ್ನು ಹಿಡಿಯಬಾರದು ಎಂದು ಕೇರಳ ಸರ್ಕಾರ ನಿಯಮ ಮಾಡಬೇಕಾಗಿ ಬಂದದ್ದು ಅದಕ್ಕೇ.

ಯಾರು ಬೇಕಾದರೂ ಇಳಿದು ಹಿಡಿಯಬಹುದಾದ ನೀರಿನಲ್ಲಿ ಏನಾಗುತ್ತದೆ ಎಂಬುದನ್ನು ಕೆನಡಾದ ಅರ್ಥಶಾಸ್ತ್ರಜ್ಞ ಸ್ಕಾಟ್ ಗಾರ್ಡನ್ 1954ರಲ್ಲೇ ವಿವರಿಸಿದ್ದರು. ಲಾಭ ಕಾಣುವವರೆಗೂ ಹೊಸ ದೋಣಿಗಳು ಬರುತ್ತಲೇ ಇರುತ್ತವೆ. ಡೀಸೆಲ್, ಬಲೆ, ಕೂಲಿಗಳ ಖರ್ಚು ಮೀನಿನ ಹುಟ್ಟುವಳಿಗೆ ಸಮವಾದಾಗ ಮಾತ್ರ ಬರುವುದು ನಿಲ್ಲುತ್ತದೆ. ಅಷ್ಟರಲ್ಲಿ ಮೀನೂ ಕರಗಿರುತ್ತದೆ, ಮೊದಲಿನಿಂದ ಇದ್ದವರ ಕೈಯಲ್ಲೂ ಏನೂ ಉಳಿದಿರುವುದಿಲ್ಲ. ಮೀನುಗಾರರು ದುರಾಸೆಯವರು ಅಂತ ಇದರ ಅರ್ಥವಲ್ಲ. ನಾನು ಬಿಟ್ಟ ಮೀನನ್ನು ಪಕ್ಕದವನು ಹಿಡಿಯುತ್ತಾನೆ ಎಂದು ಖಚಿತವಾಗಿ ಗೊತ್ತಿರುವಾಗ ಬಿಡುವುದಕ್ಕೆ ಯಾರಿಗೂ ಕಾರಣವೇ ಸಿಗುವುದಿಲ್ಲ. ಸರ್ಕಾರ ನಡುವೆ ಬರಬೇಕಾದದ್ದು ಇಲ್ಲಿ, ಅದೂ ದೋಣಿಗಳು ಬರುವ ಮೊದಲು. ಸಾಲ ಮಾಡಿ ದೋಣಿ ಕಟ್ಟಿಸಿದವನ ಪರವಾನಗಿ ಕಿತ್ತುಕೊಳ್ಳುವುದು ಯಾವ ಸರ್ಕಾರಕ್ಕೂ ಸುಲಭವಲ್ಲ.

ತಡವಾದರೆ ಏನಾಗುತ್ತದೆ ಎನ್ನುವುದಕ್ಕೆ ಆರೆಂಜ್ ರಫಿ ಎಂಬ ಮೀನಿನ ಕಥೆ ಸಾಕು. ನ್ಯೂಜಿಲೆಂಡಿನ ಸುತ್ತ, ಸುಮಾರು ಒಂದು ಕಿಲೋಮೀಟರ್ ಆಳದ ಕತ್ತಲಲ್ಲಿ ಬದುಕುವ ಕೆಂಪು ಮೀನು ಇದು. 1970ರ ದಶಕದ ಕೊನೆಗೆ ಇದರ ವಾಣಿಜ್ಯ ಬೇಟೆ ಶುರುವಾಯಿತು. ಮೊಟ್ಟೆಯಿಡಲು ಒಂದೇ ಕಡೆ ಗುಂಪುಗೂಡುವ ಸ್ವಭಾವ ಇದರದ್ದು, ಬಲೆ ಬಿಟ್ಟರೆ ಟನ್‌ಗಟ್ಟಲೆ ಸಿಗುತ್ತಿತ್ತು. ಇದೂ ಬೇರೆ ಮೀನುಗಳಂತೆ ಬೇಗ ಬೆಳೆಯುತ್ತದೆ ಎಂದುಕೊಂಡು ಹಿಡಿಯುವ ಮಿತಿಯನ್ನು ದೊಡ್ಡದಾಗಿಯೇ ಇಟ್ಟರು.

ಮೀನಿನ ತಲೆಯೊಳಗೆ, ಮಿದುಳಿನ ಕೆಳಭಾಗದಲ್ಲಿ ಎರಡೂ ಕಡೆ ಬಿಳಿಯ ಪುಟ್ಟ ಹರಳುಗಳಿರುತ್ತವೆ. ಸಾರಿಗೆ ದೊಡ್ಡ ಮೀನಿನ ತಲೆ ಸೀಳುವಾಗ ಗಮನವಿಟ್ಟು ನೋಡಿದರೆ ಸಿಗುತ್ತವೆ. ಮೀನು ತನ್ನ ಸಮತೋಲ ಕಾಯುವುದು, ಶಬ್ದ ಕೇಳುವುದು ಇವುಗಳಿಂದಲೇ. ಮೀನು ಬೆಳೆದಂತೆ ಹರಳಿನ ಮೇಲೆ ಪದರ ಕೂಡುತ್ತ ಹೋಗುತ್ತದೆ. ಅದನ್ನು ತೆಳ್ಳಗೆ ಕುಯ್ದು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಉಂಗುರಗಳು ಕಾಣುತ್ತವೆ. ಆರೆಂಜ್ ರಫಿಯ ಉಂಗುರಗಳನ್ನು ಸರಿಯಾಗಿ ಎಣಿಸಿದಾಗ ವಿಜ್ಞಾನಿಗಳಿಗೆ ಸಿಕ್ಕ ವಯಸ್ಸು ನೂರು ದಾಟಿತ್ತು. ಮೊದಲ ಮೊಟ್ಟೆಯಿಡಲೇ ಅದಕ್ಕೆ ಎರಡು ಮೂರು ದಶಕ ಬೇಕು. ಅಷ್ಟರಲ್ಲಿ ಹಲವು ಕಡೆ ಅದರ ಸಂಖ್ಯೆ ಕುಸಿದಿತ್ತು. ಮತ್ತಿಯಾದರೋ ಒಂದು ವರ್ಷದೊಳಗೇ ಮೊಟ್ಟೆಗೆ ಬರುತ್ತದೆ, ಮಳೆಗಾಲ ಕೈಹಿಡಿದರೆ ಬೇಗ ಚೇತರಿಸಿಕೊಳ್ಳುತ್ತದೆ. ಕಾಫಿ ತೋಟದ ಸಿಲ್ವರ್ ಓಕ್ ಕಡಿಯುವುದಕ್ಕೂ ಬೀಟೆ ಮರ ಕಡಿಯುವುದಕ್ಕೂ ಒಂದೇ ನಿಯಮ ಇಡಲಾಗದು ಎಂದು ಕೊಡಗಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಮೀನಿಗೂ ಹಾಗೆಯೇ.

1995ರ ವಿಶ್ವಸಂಸ್ಥೆಯ ಮೀನು ಸಂಪತ್ತಿನ ಒಪ್ಪಂದ ಮೊದಲೇ ಮಿತಿ ಹಾಕಬೇಕೆಂಬ ಮಾತನ್ನು ನಿಯಮವಾಗಿಸಿತು. ದೇಶದ ಗಡಿ ದಾಟಿ ಓಡಾಡುವ ಮೀನುಗಳಿಗೆ ಅನ್ವಯಿಸುವ ಒಪ್ಪಂದ ಅದು. ಹೊಸದಾಗಿ ಶುರುವಾಗುವ ಮೀನುಗಾರಿಕೆಯಲ್ಲಿ ಆದಷ್ಟು ಬೇಗ ಹಿಡಿಯುವ ಪ್ರಮಾಣಕ್ಕೂ ದೋಣಿ-ಬಲೆಗಳ ಬಳಕೆಗೂ ಮಿತಿ ಹಾಕಬೇಕು, ಮಾಹಿತಿ ಸಾಕಷ್ಟು ಕೂಡಿಬರುವವರೆಗೆ ಮಿತಿ ಸಡಿಲಿಸಬಾರದು ಎನ್ನುತ್ತದೆ. ಆರ್ಕ್ಟಿಕ್ ಸಾಗರದ ನಡುಭಾಗದಲ್ಲಿ ಇನ್ನೂ ಮುಂದೆ ಹೋಗಿದ್ದಾರೆ. ಮಂಜು ಕರಗಿ ನೀರು ತೆರೆದುಕೊಳ್ಳುತ್ತಿರುವ ಅಲ್ಲಿ 16 ವರ್ಷ ವಾಣಿಜ್ಯ ಮೀನುಗಾರಿಕೆ ಬೇಡ, ಮೊದಲು ಅಧ್ಯಯನವಾಗಲಿ ಎಂದು ಚೀನಾ, ರಷ್ಯಾ, ಅಮೆರಿಕ ಸೇರಿ ಒಂಬತ್ತು ದೇಶಗಳೂ ಐರೋಪ್ಯ ಒಕ್ಕೂಟವೂ 2018ರಲ್ಲಿ ಸಹಿ ಹಾಕಿದವು. 2021ರಿಂದ ಅದು ಜಾರಿಯಲ್ಲಿದೆ. ನನಗೆ ಬಹಳ ಭರವಸೆ ಕೊಟ್ಟ ಒಪ್ಪಂದವಿದು.

ದೋಣಿಗಳ ಸಂಖ್ಯೆಗೆ ಮಿತಿ ಹಾಕಿದರಷ್ಟೇ ಸಾಲದು. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ 1969ರ ಹೊತ್ತಿಗೆ ಸಾಲ್ಮನ್ ದೋಣಿಗಳ ಲೈಸೆನ್ಸಿಗೆ ಮಿತಿ ಬಂತು. ಲೈಸೆನ್ಸ್ ಇದ್ದವರು ಅದೇ ಲೈಸೆನ್ಸಿನಲ್ಲಿ ಹೆಚ್ಚು ಸಾಮರ್ಥ್ಯದ ದೋಣಿ ಇಳಿಸಿದರು. ಅಲಾಸ್ಕಾದ ಹಾಲಿಬಟ್ ಮೀನಿನಲ್ಲಿ ಋತುವನ್ನು ಮೊಟಕುಗೊಳಿಸುತ್ತ ಹೋಗಿ, 1990ರ ದಶಕದ ಆರಂಭಕ್ಕೆ ವರ್ಷಕ್ಕೆ ಕೆಲವೇ ದಿನ ಉಳಿದಿದ್ದವು, ಬಿರುಗಾಳಿಯಿದ್ದರೂ ಅಂದೇ ಹೋಗಬೇಕು. 1995ರಲ್ಲಿ ಒಬ್ಬೊಬ್ಬರಿಗೂ ಪಾಲು ಗೊತ್ತುಮಾಡಿದ ಮೇಲೆ ಈ ಧಾವಂತ ತಪ್ಪಿತು. ಆದರೆ ಪಾಲನ್ನು ಮಾರಬಹುದಾದ ಹಲವು ಕಡೆಗಳಲ್ಲಿ ಅದು ಹಣವಿದ್ದವರ ಕೈ ಸೇರುತ್ತದೆ, ಮೀನುಗಾರರ ಮನೆಯ ಹುಡುಗನಿಗೇ ಒಳಗೆ ಬರಲು ದಾರಿ ಇರುವುದಿಲ್ಲ. ಈ ಅನ್ಯಾಯಕ್ಕೆ ಪೂರ್ತಿ ಪರಿಹಾರ ಕಂಡುಕೊಂಡ ದೇಶವನ್ನು ನಾನು ಕಂಡಿಲ್ಲ.

ನಮ್ಮ ಹೊಳೆಗಳಿಗೂ ಇದು ಹೊರತಲ್ಲ. ಸಿಡಿಮದ್ದು, ವಿಷ ಹಾಕಿ ಮೀನು ಹಿಡಿಯುವುದನ್ನು 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯೇ ನಿಷೇಧಿಸಿತ್ತು. ಕಾವೇರಿ ಕೊಳ್ಳದಲ್ಲಿ ಬಿಟ್ಟರೆ ಲೋಕದಲ್ಲಿ ಎಲ್ಲೂ ಇಲ್ಲದ ಗೂನುಬೆನ್ನಿನ ಮಹಶೀರ್ 2018ರಲ್ಲಿ ತೀವ್ರ ಅಳಿವಿನಂಚಿನ ಪಟ್ಟಿಗೆ ಸೇರಿತು. ಹೊಳೆಗೆ ಬಿಟ್ಟ ಬಲೆ ಅದನ್ನು ಬೇರೆ ಮೀನಿನಿಂದ ಬೇರ್ಪಡಿಸುವುದಿಲ್ಲ. ಹಾಗಾಗಿ ಅದು ಇನ್ನೂ ಉಳಿದಿರಬಹುದಾದ ಹರಿವುಗಳಲ್ಲಿ ಬಲೆಗೆ ಹೊಸ ಪರವಾನಗಿ ಕೊಡಲೇಬಾರದು ಎನ್ನುವುದು ನನ್ನ ನಿಲುವು.

ಕೇಂದ್ರ ಸರ್ಕಾರ 2025ರ ನವೆಂಬರಿನಲ್ಲಿ ಕಡಲಿನ ಅನನ್ಯ ಆರ್ಥಿಕ ವಲಯಕ್ಕೆ, ಅಂದರೆ ತೀರದಿಂದ 200 ನಾಟಿಕಲ್ ಮೈಲಿಯವರೆಗಿನ ದೂರದ ನೀರಿಗೆ, ಹೊಸ ನಿಯಮ ತಂದಿದೆ. ಯಾಂತ್ರೀಕೃತ ದೋಣಿಗಳು ಅಲ್ಲಿ ಮೀನು ಹಿಡಿಯಲು ಪ್ರವೇಶ ಪಾಸ್ ಪಡೆಯಬೇಕು. ಸಾಂಪ್ರದಾಯಿಕ ಸಣ್ಣ ದೋಣಿಗಳಿಗೆ ಅದು ಬೇಕಿಲ್ಲ, ಸಹಕಾರ ಸಂಘಗಳಿಗೆ ಆದ್ಯತೆಯಿದೆ. ಸಣ್ಣವರನ್ನು ಹೊರಗಿಡದ ಈ ನಡೆ ಸರಿಯಾದದ್ದು. ಈಗ ಆಗಬೇಕಾದ ಕೆಲಸ ಪಾಸ್‌ಗಳ ಎಣಿಕೆಯದ್ದು. ಯಾವ ಜಾತಿಯ ಮೀನಿಗೆ, ಯಾವ ಆಳದಲ್ಲಿ, ವರ್ಷಕ್ಕೆ ಎಷ್ಟು ಪಾಸ್ ಎಂಬುದನ್ನು ಆ ಜಾತಿಯ ವಯಸ್ಸು, ಸಂತಾನದ ಲೆಕ್ಕ ನೋಡಿ ಗೊತ್ತುಮಾಡಿ, ಅರ್ಜಿ ತೆಗೆದುಕೊಳ್ಳುವ ಮೊದಲೇ ಎಲ್ಲರಿಗೂ ಕಾಣುವಂತೆ ಪ್ರಕಟಿಸಬೇಕು. ಆಳ ಕಡಲಿನ ಮೀನುಗಳ ಮಟ್ಟಿಗಂತೂ ಮೊದಲ ವರ್ಷಗಳ ಪಾಸ್ ಬೆರಳೆಣಿಕೆಯಷ್ಟೇ ಇರಲಿ, ಹಿಡಿದ ಮೀನಿನ ಹರಳುಗಳು ಪ್ರಯೋಗಾಲಯ ಸೇರಲಿ.