ಸ್ನಾನ ಮಾಡಿಕೊಂಡೇ ಮುಳುಗಬೇಕಾದ ನೀರು

ಯೆಹೂದ್ಯರು ಶುದ್ಧಿಗಾಗಿ ಮುಳುಗುವ ಮಿಕ್ವೆ ಎಂಬ ಕೊಳಕ್ಕೆ ಇಳಿಯುವ ಮುಂಚೆಯೇ ಸ್ನಾನ ಆಗಿರಬೇಕು. ಉಗುರು ಕತ್ತರಿಸಿ, ಉಂಗುರ ತೆಗೆದಿಟ್ಟು, ತಲೆಕೂದಲಿನ ಸಿಕ್ಕು ಬಿಡಿಸಿಕೊಂಡಿರಬೇಕು. ಮೈಗೂ ನೀರಿಗೂ ನಡುವೆ ಒಂದು ಬ್ಯಾಂಡೇಜ್ ಕೂಡ ಇರಬಾರದು. ಆಮೇಲೆ ಒಂದು ಕೂದಲೂ ಮೇಲೆ ತೇಲದ ಹಾಗೆ ಪೂರ್ತಿ ಮುಳುಗಬೇಕು. ಪಕ್ಕದಲ್ಲಿ ನಿಂತು ನೋಡುವ ಹೆಂಗಸು "ಕೋಷರ್" (ನಿಯಮದಂತೆ ಸರಿಯಾಗಿದೆ) ಅಂದರೆ ಮುಗಿಯಿತು.

ಅಂದರೆ ಕೊಳೆ ತೊಳೆಯೋಕೆ ಈ ನೀರಲ್ಲ, ಅಲ್ವಾ? ಮಡಿ-ಮೈಲಿಗೆ ನೋಡಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೀಬ್ರೂವಿನಲ್ಲಿ ಮೈಲಿಗೆಗೆ 'ತುಮಾ', ಶುದ್ಧಿಗೆ 'ತಹರಾ' ಅನ್ನುತ್ತಾರೆ. ಹೆರಿಗೆ, ಮುಟ್ಟು, ವೀರ್ಯ, ಕೆಲವು ಚರ್ಮರೋಗ, ಸತ್ತ ಪ್ರಾಣಿ: ಮೈಲಿಗೆಯ ಈ ಪಟ್ಟಿ ಬೈಬಲ್ಲಿನ ಯಾಜಕಕಾಂಡದ 11ರಿಂದ 15ನೇ ಅಧ್ಯಾಯಗಳಲ್ಲಿದೆ. ಹೆಣ ಮುಟ್ಟಿದರೆ ಏಳು ದಿನ ಮೈಲಿಗೆ. ಅದು ಕಳೆಯೋಕೆ ಕೆಂಪು ಹಸುವಿನ ಬೂದಿ ಬೆರೆಸಿದ ನೀರು ಚಿಮುಕಿಸಬೇಕಿತ್ತು. ಹಾಗಂತ ಇದು ಪಾಪವಲ್ಲ. ಸತ್ತವರನ್ನು ಮಣ್ಣು ಮಾಡುವುದು ಅವರಲ್ಲಿ ದೊಡ್ಡ ಪುಣ್ಯ, ಆದರೂ ಮೈಲಿಗೆಯೇ. ಮೈಲಿಗೆಯಲ್ಲಿ ಜೆರುಸಲೇಮಿನ ದೇವಾಲಯದೊಳಗೆ ಕಾಲಿಡುವ ಹಾಗಿರಲಿಲ್ಲ.

ಅದಕ್ಕೇ ಜೆರುಸಲೇಮಿನ ಹಳೆಯ ಮನೆಗಳ ಅಡಿಯಲ್ಲಿ ಬಂಡೆ ಕಡಿದು ಮಾಡಿದ ಮೆಟ್ಟಿಲುಗೊಳಗಳು ಸಾಲುಸಾಲಾಗಿ ಸಿಕ್ಕಿವೆ. ಕೆಲವದರ ಮೆಟ್ಟಿಲ ನಡುವೆ ತಗ್ಗಾದ ಒಂದು ದಿಂಡು ಇದೆ. ಇಳಿಯುವವರು ಒಂದು ಕಡೆ, ಶುದ್ಧರಾಗಿ ಹತ್ತುವವರು ಇನ್ನೊಂದು ಕಡೆ ಅಂತ ಇರಬೇಕು.

ಕ್ರಿ.ಶ. 70ರಲ್ಲಿ ರೋಮನ್ನರು ದೇವಾಲಯ ಕೆಡವಿದರು. ಹೋಗೋಕೆ ದೇವಾಲಯವೇ ಇಲ್ಲದ ಮೇಲೆ ಎಷ್ಟೋ ನಿಯಮ ಸುಮ್ನೆ ಪುಸ್ತಕದಲ್ಲಿ ಉಳಿದವು. ಯೆಹೂದ್ಯರ ಹಳೆಯ ನಿಯಮಸಂಗ್ರಹವಾದ ಮಿಶ್ನಾದಲ್ಲಿ ಶುದ್ಧಿಯ ಬಗ್ಗೆ 12 ಗ್ರಂಥಗಳಿವೆ. ಮಿಶ್ನಾದ ಮೇಲಿನ ಚರ್ಚೆಗಳ ದೊಡ್ಡ ಸಂಗ್ರಹವಾದ ಬ್ಯಾಬಿಲೋನಿನ ತಾಲ್ಮೂದ್ ಚರ್ಚೆಗೆ ಎತ್ತಿಕೊಂಡಿದ್ದು ಅದರಲ್ಲಿ ಒಂದೇ ಒಂದನ್ನು: ಮುಟ್ಟಿನದ್ದು! ಭಾರವೆಲ್ಲ ಹೆಂಗಸರ ಮೇಲೆ ಬಿತ್ತು ಅನ್ನಲು ಬೇರೆ ಸಾಕ್ಷಿ ಬೇಕಿಲ್ಲ. ಮುಟ್ಟು ನಿಂತ ಮೇಲೆ ಏಳು ದಿನ ಎಣಿಸಿ, ಮಿಕ್ವೆಯಲ್ಲಿ ಮುಳುಗಿ ಬರುವ ತನಕ ಗಂಡ ಹೆಂಡತಿ ಕೂಡುವ ಹಾಗಿಲ್ಲ. ಮತಕ್ಕೆ ಹೊಸದಾಗಿ ಸೇರುವವರೂ ಮುಳುಗಬೇಕು.

ನೀರಿಗೂ ಕಟ್ಟುಪಾಡು ಜಾಸ್ತಿ. ಕೊಡದಲ್ಲಿ ಮೊಗೆದು ತಂದ ನೀರು ನಡೆಯುವುದಿಲ್ಲ. ಮಳೆ ನೀರೋ ಒರತೆಯೋ ತಾನಾಗಿ ಬಂದು ತುಂಬಬೇಕು, ಅದೂ 40 ಸೆಆ (ಹಳೆಯ ಹೀಬ್ರೂ ಅಳತೆ), ಅಂದರೆ ನೂರಾರು ಲೀಟರು. ಜರ್ಮನಿಯ ಫ್ರೀಡ್‌ಬರ್ಗಿನ ಯೆಹೂದ್ಯರು 1260ರಲ್ಲಿ ಅಂತರ್ಜಲ ಹುಡುಕಿಕೊಂಡು ಸುಮಾರು 25 ಮೀಟರ್ ಆಳಕ್ಕೆ ಹೋದರು. ಚೌಕ ಬಾವಿ, ಗೋಡೆ ಬಳಸಿ ಇಳಿಯುವ ಮೆಟ್ಟಿಲು, ಮೇಲಿಂದ ಮಾತ್ರ ಬೆಳಕು. ಚಳಿಗಾಲದ ರಾತ್ರಿ ಅಲ್ಲಿ ಇಳಿದ ಹೆಂಗಸರನ್ನು ನೆನೆದರೇ ಮೈ ನಡುಗುತ್ತದೆ.

ಈಗ ಬಿಸಿ ನಲ್ಲಿ ನೀರು ಇದೆ, ನಿಯಮವೂ ಉಳಿದಿದೆ. ಮಳೆ ನೀರಿನ ತೊಟ್ಟಿ ಒಂದು, ಪಕ್ಕದಲ್ಲಿ ನಲ್ಲಿ ನೀರಿನ ಕೊಳ ಇನ್ನೊಂದು, ನಡುಗೋಡೆಯಲ್ಲಿ ಸಣ್ಣ ತೂತು. ಎರಡೂ ನೀರು ಅಲ್ಲಿ ತಾಕಿದರೆ ಸಾಕು. ಇದಕ್ಕೆ ಅವರು 'ಹಶಾಕಾ' ಅನ್ನುತ್ತಾರೆ, ನೀರಿಗೆ ನೀರು ಮುತ್ತಿಡುವುದು.

ಇದೇನು ಹೊಸ ಉಪಾಯವಲ್ಲ. 1963ರಿಂದ 65ರವರೆಗೆ ಇಸ್ರೇಲಿನಲ್ಲಿ ಬೆಟ್ಟದ ಮೇಲಿರುವ ಸುಮಾರು ಎರಡು ಸಾವಿರ ವರ್ಷ ಹಳೆಯ ಮಸಾದಾ ಕೋಟೆ ಅಗೆದಾಗ ಎರಡು ಕೊಳ, ನಡುವೆ ಇಂಥದ್ದೇ ತೂತು ಸಿಕ್ಕಿತು. ಸುದ್ದಿ ಕೇಳಿ ವಯಸ್ಸಾದ ರಬ್ಬಿಯೊಬ್ಬರು (ಯೆಹೂದಿ ಧರ್ಮಗುರು) ಸುಡುಬಿಸಿಲಲ್ಲಿ ಬೆಟ್ಟ ಹತ್ತಿ ಬಂದರು. ಕೋಟೆಯ ಉಳಿದದ್ದನ್ನು ನೋಡಲು ನಿಲ್ಲದೆ ನೇರ ಕೊಳಕ್ಕಿಳಿದು ಅಳತೆ ಹಿಡಿದರು. ಲೆಕ್ಕ ಸರಿಯಾಗಿತ್ತು.