ಗುಲಾಬಿ ಕನ್ನಡಕ, ಕೆಂಪು ಶಾಯಿ

‘ಗುಲಾಬಿ ಬಣ್ಣದ ಕನ್ನಡಕ ತೆಗೆದಿಟ್ಟು ನೋಡಿ’ ಎಂಬ ಮಾತು ಬಜೆಟ್ ಮರುದಿನದ ಪತ್ರಿಕೆಗಳಲ್ಲಿ ಆಗಾಗ ಕಾಣುತ್ತದೆ. ಕುಂದುಕೊರತೆ ಕಣ್ಣೆದುರಿಗೇ ಇದ್ದರೂ ಎಲ್ಲ ಒಳ್ಳೆಯದೇ ಆಗುತ್ತದೆಂದು ನಂಬಿ ಕೂತವರಿಗೆ ಹೇಳುವ ಮಾತಿದು. ನಮಗೆ ಇದು ಇಂಗ್ಲಿಷಿನಿಂದ ಬಂದ ಕನ್ನಡಕ. ಜರ್ಮನ್ನರಲ್ಲೂ ಇದೆ, ಫ್ರೆಂಚರು ಕನ್ನಡಕದ ಗೊಡವೆಯಿಲ್ಲದೆ ‘ಬದುಕನ್ನು ಗುಲಾಬಿಯಾಗಿ ಕಾಣುವುದು’ ಎಂದುಬಿಡುತ್ತಾರೆ. ನಮ್ಮಲ್ಲಿದ್ದದ್ದು ಇದಕ್ಕೆ ತದ್ವಿರುದ್ಧವಾದ ಕಾಮಾಲೆ ಕಣ್ಣು. (ಕಾಮಾಲೆಯಾದವರಿಗೆ ಸಾಮಾನ್ಯವಾಗಿ ಲೋಕವೇನೂ ಹಳದಿಯಾಗಿ ಕಾಣುವುದಿಲ್ಲ. ಹಳದಿಯಾಗುವುದು ಕಣ್ಣಿನ ಬಿಳಿಭಾಗ; ಬೆಳಕು ಒಳಹೋಗುವ ಕಾರ್ನಿಯಾ ತಿಳಿಯಾಗಿಯೇ ಇರುತ್ತದೆ. ಗಾದೆ ಕಟ್ಟಿದವರು ವೈದ್ಯರಲ್ಲವಲ್ಲ!)

ಗುಲಾಬಿ ಕನ್ನಡಕವಾದರೋ ಪರೀಕ್ಷೆಗೆ ನಿಲ್ಲುತ್ತದೆ. ಹೂಗುಚ್ಛಕ್ಕೆ ಸುತ್ತುವಂಥ ಕೆಂಪು ಪಾರದರ್ಶಕ ಹಾಳೆಯನ್ನು ಕಣ್ಣಿಗೆ ಅಡ್ಡ ಹಿಡಿದು ಮಗುವಿನ ಉತ್ತರಪತ್ರಿಕೆ ನೋಡಿ. ಮೇಷ್ಟ್ರು ಕೆಂಪು ಶಾಯಿಯಲ್ಲಿ ಹಾಕಿದ ತಪ್ಪು ಗುರುತುಗಳು ಹೆಚ್ಚುಕಡಿಮೆ ಮಾಯ! ಆ ಹಾಳೆ ದಾಟಲು ಬಿಡುವುದು ಕೆಂಪು ಬೆಳಕನ್ನಷ್ಟೇ. ಬಿಳಿ ಕಾಗದದಿಂದಲೂ ಕೆಂಪು ಶಾಯಿಯಿಂದಲೂ ಅದು ಸರಿಸುಮಾರು ಅಷ್ಟೇ ಬರುವುದರಿಂದ ಎರಡರ ನಡುವೆ ವ್ಯತ್ಯಾಸ ಉಳಿಯುವುದಿಲ್ಲ. ಅದರಲ್ಲೇ ಕರಿಬೇವಿನ ಎಲೆ ನೋಡಿದರೆ ಕಪ್ಪಗೆ ಕಾಣುತ್ತದೆ.

ತೆಳು ಗುಲಾಬಿ ಗಾಜಿನದು ಬೇರೆಯೇ ತಮಾಷೆ. ಅದನ್ನು ಹಾಕಿಕೊಂಡ ಕೆಲವು ನಿಮಿಷಗಳಲ್ಲಿ ಕಣ್ಣಿನಲ್ಲಿ ಬಣ್ಣ ಗುರುತಿಸುವ ಶಂಕುಕೋಶಗಳು ಹೊಸ ಬೆಳಕಿಗೆ ಹೊಂದಿಕೊಳ್ಳುತ್ತವೆ, ಮಿದುಳೂ ಕೈಜೋಡಿಸುತ್ತದೆ. ಸುಣ್ಣ ಬಳಿದ ಗೋಡೆ ಮತ್ತೆ ಬಹುಮಟ್ಟಿಗೆ ಬೆಳ್ಳಗೇ ಕಾಣತೊಡಗುತ್ತದೆ. ಕಣ್ಣ ಮೇಲೆ ಬಣ್ಣದ ಗಾಜಿದೆ ಎಂಬುದೇ ಮರೆತುಹೋಗುತ್ತದೆ. ತೆಗೆದೊಡನೆ ಅದೇ ಗೋಡೆಗೆ ತುಸು ಹೊತ್ತು ಹಸಿರು ಛಾಯೆ.

ಮನಸ್ಸಿನ ಕನ್ನಡಕವನ್ನು ಅಳೆಯಲು ಹೊರಟವರೂ ಇದ್ದಾರೆ. ಅಮೆರಿಕದ ಮನೋವಿಜ್ಞಾನಿ ನೀಲ್ ವೈನ್‌ಸ್ಟೀನ್ 1980ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಾಲೇಜು ವಿದ್ಯಾರ್ಥಿಗಳ ಮುಂದೆ 42 ಸಂಗತಿಗಳನ್ನಿಟ್ಟು, ಇವು ನಿಮಗಾಗುವ ಸಂಭವ ಸಹಪಾಠಿಗಳಿಗಿಂತ ಹೆಚ್ಚೋ ಕಡಿಮೆಯೋ ಎಂದು ಕೇಳಿದ್ದರು. ಸರಾಸರಿ ಉತ್ತರ: ಒಳ್ಳೆಯದು ತಮಗೆ ಹೆಚ್ಚು, ಕೆಟ್ಟದ್ದು ಕಡಿಮೆ. ಎಲ್ಲರೂ ಸರಾಸರಿಗಿಂತ ಅದೃಷ್ಟವಂತರಾಗುವುದು ಯಾವ ಲೆಕ್ಕ?

2011ರಲ್ಲಿ ಲಂಡನ್ನಿನ ನರವಿಜ್ಞಾನಿ ತಾಲಿ ಶರೋಟ್ ಮತ್ತು ಸಂಗಡಿಗರು ಇನ್ನೊಂದು ಹೆಜ್ಜೆ ಮುಂದೆ ಹೋದರು. ರೋಗ, ಕಳ್ಳತನಗಳಂಥ ಆಪತ್ತು ತಮಗೆ ಬರುವ ಸಂಭವವನ್ನು ಜನರಿಂದ ಅಂದಾಜು ಮಾಡಿಸಿ, ನಿಜವಾದ ಸರಾಸರಿ ತಿಳಿಸಿ, ಮತ್ತೆ ಕೇಳಿದರು. ನಿಜಸಂಗತಿ ಹೆದರಿದ್ದಕ್ಕಿಂತ ವಾಸಿಯಾಗಿದ್ದರೆ ಅಂದಾಜನ್ನು ಚೆನ್ನಾಗಿಯೇ ತಿದ್ದಿಕೊಂಡರು. ಇನ್ನೂ ಕೆಟ್ಟದಾಗಿದ್ದರೆ ತಿದ್ದಿಕೊಂಡದ್ದು ಅಷ್ಟಕ್ಕಷ್ಟೆ. ಮೇಷ್ಟ್ರ ಕೆಂಪು ಶಾಯಿ ಇಲ್ಲೂ ಮಾಸಿತು. ಈ ಫಲಿತಾಂಶ ಲೆಕ್ಕಹಾಕಿದ ವಿಧಾನದಿಂದಲೇ ಹುಟ್ಟಿರಬಹುದು ಎಂದು ಮುಂದೆ ಬೇರೆ ಸಂಶೋಧಕರು ತಕರಾರು ತೆಗೆದಿದ್ದಾರೆ.